ಹಾಡುವ ರೀತಿ ಕಂಠಕ್ಕೆ ಒಗ್ಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾನು ಮೂರು ವರ್ಷಗಳಿಂದ ಕ್ರಮವಾಗಿ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಧ್ವನಿ ಮೊದಲಿಗಿಂತ ದೊಡ್ಡದಾಗಿದೆ, ಮೇಲಿನ ಸ್ವರಗಳು ಎಟುಕುತ್ತಿವೆ, ಕೇಳಿದವರು ಮೆಚ್ಚುತ್ತಾರೆ. ಆದರೆ ಒಂದು ಗಂಟೆ ಹಾಡಿದ ಮೇಲೆ ಗಂಟಲು ಬಿಗಿದಂತಾಗುತ್ತದೆ. ಕೆಲವೊಮ್ಮೆ ಮರುದಿನ ಬೆಳಿಗ್ಗೆ ಮಾತು ಗೊಗ್ಗರಾಗಿರುತ್ತದೆ. ಇದು ಸಾಧನೆಯ ಆಯಾಸವೆಂದು ಗುರುಗಳು ಹೇಳುತ್ತಾರೆ. ನಾನು ಗಂಟಲಿನ ಮೇಲೆ ಒತ್ತಡ ಹಾಕಿ ಹಾಡುತ್ತಿದ್ದೇನೆ ಎಂದು ಜೊತೆಯಲ್ಲಿ ಹಾಡುವ ಸ್ನೇಹಿತರು ಎಚ್ಚರಿಸುತ್ತಾರೆ. ನನಗೆ ನೋವೇನೂ ಇಲ್ಲ. ನನ್ನ ಹಾಡುವ ರೀತಿ ಆರೋಗ್ಯಕರವೇ, ಅದರಿಂದ ನನಗೆ ಪ್ರಯೋಜನವಾಗುತ್ತಿದೆಯೇ ಎಂಬುದನ್ನು ನಾನೇ ಅಳೆಯುವುದು ಸಾಧ್ಯವೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ಅವನ್ನು ಮೊದಲು ಬಿಡಿಸಿಕೊಳ್ಳಬೇಕು. ಹಾಡುವ ರೀತಿಯಿಂದ ಕಂಠಕ್ಕೆ ಹಾನಿಯಾಗುತ್ತಿದೆಯೇ ಎಂಬುದು ಒಂದು. ನೀವು ಹಾಡಬಯಸುವ ಸಂಗೀತಕ್ಕೆ ಆ ರೀತಿ ಒದಗಿಬರುತ್ತಿದೆಯೇ ಎಂಬುದು ಇನ್ನೊಂದು. ಹಾನಿ ಮಾಡದ, ಆದರೆ ವರ್ಷಗಳು ಕಳೆದರೂ ಇದ್ದಲ್ಲೇ ಇರಿಸುವ ಹಾಡುಗಾರಿಕೆ ಉಂಟು. ಇಂದು ಕೇಳುಗರನ್ನು ಗೆದ್ದು ನಾಲ್ಕಾರು ವರ್ಷಗಳಲ್ಲಿ ಶಾರೀರವನ್ನೇ ಸವೆಸಿಬಿಡುವ ಹಾಡುಗಾರಿಕೆಯೂ ಉಂಟು. ಧ್ವನಿ ದೊಡ್ಡದಾಯಿತು, ಮೇಲಿನ ಸ್ವರ ಎಟುಕಿತು, ಕೇಳಿದವರು ಮೆಚ್ಚಿದರು ಎಂಬ ಮೂರು ಸಂಗತಿಗಳೂ ಎರಡನೆಯ ಪ್ರಶ್ನೆಗೆ ಸೇರಿದ ಸಾಕ್ಷ್ಯಗಳು, ಅದಕ್ಕೂ ಅವು ಅರ್ಧ ಸಾಕ್ಷ್ಯ ಮಾತ್ರ. ಮೊದಲನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಗಟ್ಟಿಯಾಗಿ ಹಾಡುವ ಹೊತ್ತನ್ನು ಬಿಟ್ಟು ಬೇರೆ ಎರಡು ಕಡೆ ನೋಡಬೇಕು: ಅತಿ ಮೆಲ್ಲಗೆ ಹಾಡುವಾಗ ಮೇಲಿನ ಸ್ವರಗಳು ಹೇಗೆ ಬರುತ್ತವೆ, ಮತ್ತು ಹಾಡಿದ ಮರುದಿನ ಕಂಠ ಹೇಗಿರುತ್ತದೆ. ಉಳಿದ ಎಲ್ಲ ಲಕ್ಷಣಗಳಿಗಿಂತ ಈ ಎರಡಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಏಕೆಂದರೆ ಹಾಡುವ ಕ್ಷಣದಲ್ಲಿ ನಮಗಾಗುವ ಅನುಭವವನ್ನು ಈ ವಿಷಯದಲ್ಲಿ ನಂಬುವಂತಿಲ್ಲ. ನಾವು ಧ್ವನಿತಂತುಗಳು ಎಂದು ಕರೆಯುವುದು ಧ್ವನಿಪೆಟ್ಟಿಗೆಯೊಳಗೆ ಮುಂದಿನಿಂದ ಹಿಂದಕ್ಕೆ ಚಾಚಿಕೊಂಡಿರುವ ಎರಡು ಮಡಿಕೆಗಳನ್ನು. ವಯಸ್ಕರಲ್ಲಿ ಅವುಗಳ ಉದ್ದ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಅಷ್ಟೆ. ಒಳಗೆ ಸ್ನಾಯು ಇರುತ್ತದೆ, ಹೊರಗೆ ಬಹಳ ಮೃದುವಾದ, ಸಡಿಲವಾದ ಪದರವೂ ಅದರ ಮೇಲೊಂದು ತೆಳುವಾದ ಪೊರೆಯೂ ಇರುತ್ತವೆ. ಹಾಡುವಾಗ ಮುಖ್ಯವಾಗಿ ಅಲೆಯಂತೆ ಚಲಿಸುವುದು ಈ ಹೊರಪದರ. 440 ಹರ್ಟ್ಸ್ ಸ್ವರವನ್ನು ಹಿಡಿದರೆ ಆ ಎರಡು ಅಂಚುಗಳು ಸೆಕೆಂಡಿಗೆ 440 ಬಾರಿ ಒಂದನ್ನೊಂದು ಮುಟ್ಟಿ ಬೇರೆಯಾಗುತ್ತವೆ. ಸರಾಸರಿ 300 ಹರ್ಟ್ಸ್ ಎಂದು ಹಿಡಿದರೂ ಒಟ್ಟು ಅರ್ಧ ಗಂಟೆಯ ನಾದಕ್ಕೆ 5,40,000 ಸ್ಪರ್ಶಗಳಾಗುತ್ತವೆ. ಪ್ರತಿಯೊಂದು ಸ್ಪರ್ಶವೂ ಎಷ್ಟು ಬಿರುಸಾಗಿದೆ ಎಂಬುದು ಕೆಳಗಿನಿಂದ ನೂಕುವ ಗಾಳಿಯ ಒತ್ತಡವನ್ನೂ ತಂತುಗಳನ್ನು ಎಷ್ಟು ಬಿಗಿಯಾಗಿ ಒತ್ತಿ ಹಿಡಿದಿದ್ದೀರಿ ಎಂಬುದನ್ನೂ ಅವಲಂಬಿಸಿದೆ. ಬಿರುಸು ಹೆಚ್ಚಾಗಿ ಬಿಡುವು ಕಡಿಮೆಯಾದಾಗ, ಕಂಪನ ಅತಿ ಹೆಚ್ಚಾಗಿರುವ ನಡುಭಾಗದಲ್ಲಿ ಪೊರೆ ಊದಿಕೊಳ್ಳುತ್ತದೆ; ಅದೇ ತಿಂಗಳುಗಟ್ಟಲೆ ಮುಂದುವರಿದರೆ ಗಾಯಕರು ಹೆದರುವ ಗಂಟುಗಳು ಅದೇ ಜಾಗದಲ್ಲಿ, ಸಾಮಾನ್ಯವಾಗಿ ಎರಡೂ ಬದಿಗಳಲ್ಲಿ, ಎದುರುಬದುರಾಗಿ ಮೂಡುತ್ತವೆ.

ಈ ಅಂಚುಗಳಲ್ಲಿ ನೋವನ್ನು ತಿಳಿಸುವ ಸಂವೇದನೆ ಬಹಳ ಕಡಿಮೆ. ಹಾಡುವವರು ‘ಗಂಟಲು ನೋವು’ ಎನ್ನುವುದು ಬಹುಮಟ್ಟಿಗೆ ಸುತ್ತಲಿನ ಸ್ನಾಯುಗಳ ನೋವು. ಆದ್ದರಿಂದ ನೋವಿದ್ದರೆ ಏನೋ ತಪ್ಪಿದೆ ಎನ್ನುವುದು ಸರಿಯಾದರೂ, ನೋವಿಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎನ್ನಲಾಗದು. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ನೀವು ಸಮಾಧಾನಕ್ಕಾಗಿ ಹೇಳಿಕೊಂಡಿರುವ ಮಾತು, ದುರದೃಷ್ಟವಶಾತ್, ಸಮಾಧಾನ ಕೊಡುವಂಥದ್ದಲ್ಲ. 1854ರಲ್ಲಿ ಮಾನ್ಯುಯಲ್ ಗಾರ್ಸಿಯಾ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಸೂರ್ಯನ ಬೆಳಕನ್ನು ಅದರ ಮೇಲೆ ಹಾಯಿಸಿ, ತನ್ನದೇ ಧ್ವನಿತಂತುಗಳು ಚಲಿಸುವುದನ್ನು ನೋಡಿದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಮಂಡಿಸಿದರು. ಅವರು ವೈದ್ಯರಲ್ಲ, ಹಾಡುಗಾರಿಕೆಯ ಶಿಕ್ಷಕರು. ಕಲಿಸುವವರಿಗೇ ಹೀಗೆ ಕಣ್ಣಾರೆ ನೋಡುವ ಹಂಬಲ ಹುಟ್ಟಿದ್ದು ಸಹಜವೇ, ಏಕೆಂದರೆ ಒಳಗೆ ನಡೆಯುವುದನ್ನು ಹಾಡುವವರು ಸ್ಪರ್ಶದಿಂದ ಅರಿಯಲಾರರು. ಅದನ್ನು ನೇರವಾಗಿ ನೋಡಬೇಕು, ಇಲ್ಲವೇ ಧ್ವನಿಯ ನಡತೆಯಿಂದ ಊಹಿಸಬೇಕು.

ಊಹಿಸಲು ನಮಗಿರುವ ಅತ್ಯುತ್ತಮ ಸಾಧನ ಮೆಲುದನಿ. ಅಮೆರಿಕದ ಧ್ವನಿವೈದ್ಯ ರಾಬರ್ಟ್ ಬಾಸ್ಟಿಯನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಸರಳವಾದ ಪರೀಕ್ಷೆಯೊಂದಿದೆ. ಅದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳಬಹುದು. ಬಾಯಿಪಾಠವಿರುವ ಒಂದು ಚಿಕ್ಕ ಸಾಲನ್ನು ಆರಿಸಿಕೊಳ್ಳಿ. ಕೀಬೋರ್ಡಿನಿಂದಲೋ ಶ್ರುತಿಪೆಟ್ಟಿಗೆಯಿಂದಲೋ ಸ್ವರ ಹಿಡಿದು, ನಿಮಗೆ ಸಾಧ್ಯವಿರುವ ಅತ್ಯಂತ ಸಣ್ಣ ದನಿಯಲ್ಲಿ, ಆದರೆ ಪಿಸುಗುಡದೆ, ಆ ಸಾಲನ್ನು ಹಾಡಿ. ಬಳಿಕ ಅರ್ಧ ಸ್ವರದಷ್ಟು ಏರಿಸಿ ಅದನ್ನೇ ಹಾಡಿ. ಹೀಗೆ ನಿಮ್ಮ ಮೇಲಿನ ಸ್ವರಗಳವರೆಗೂ ಹೋಗಿ. ಸ್ವರ ಬರಲೊಲ್ಲದಾದಾಗ ದನಿ ಹೆಚ್ಚಿಸಿ ಅದನ್ನು ಎಬ್ಬಿಸಬೇಕೆಂಬ ಆಸೆ ಹುಟ್ಟುತ್ತದೆ. ಅದಕ್ಕೆ ಮಣಿದರೆ ಪರೀಕ್ಷೆ ಕೆಟ್ಟಿತು. ಎರಡನೆಯದಾಗಿ, ಐದು ಸ್ವರಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಬಿಡಿಯಾಗಿ, ತುಂಡು ತುಂಡಾಗಿ, ಅಷ್ಟೇ ಮೆಲ್ಲಗೆ ಹಾಡಿ, ಅದನ್ನೂ ಅರ್ಧ ಸ್ವರದಂತೆ ಏರಿಸುತ್ತಾ ಹೋಗಿ. ಕಿವಿಗೊಡಬೇಕಾದದ್ದು ಮಾಧುರ್ಯಕ್ಕಲ್ಲ. ನಾದ ಹುಟ್ಟುವ ಮೊದಲು ಒಂದಿಷ್ಟು ಬರಿಯ ಗಾಳಿ ಹೊರಡುತ್ತದೆಯೇ, ಸಾಲಿನ ನಡುವೆ ಯಾವುದಾದರೂ ಅಕ್ಷರ ನಾದವಿಲ್ಲದೆ ಕಳೆದುಹೋಗುತ್ತದೆಯೇ, ಸ್ವರದ ಜೊತೆಗೆ ಸೀಳಿದಂಥ ಇನ್ನೊಂದು ದನಿ ಸೇರಿಕೊಳ್ಳುತ್ತದೆಯೇ ಎಂಬುದನ್ನು ಗಮನಿಸಿ, ಅದು ಯಾವ ಸ್ವರದಲ್ಲಿ ಆರಂಭವಾಯಿತು ಎಂಬುದನ್ನು ಬರೆದಿಡಿ.

ಮೇಲಿನ ಸ್ವರದಲ್ಲಿ ತಂತುಗಳು ಎಳೆದು ತೆಳುವಾಗಿರುತ್ತವೆ. ಮೆಲ್ಲಗೆ ಹಾಡುವಾಗ ಅವುಗಳ ಚಲನೆಯ ಹರವೂ ಗಾಳಿಯ ಒತ್ತಡವೂ ಬಹಳ ಕಡಿಮೆ ಇರುತ್ತವೆ. ನಡುಭಾಗದಲ್ಲಿ ಸ್ವಲ್ಪವೇ ಊತವಿದ್ದರೂ ಅಂಚುಗಳು ಸರಿಯಾಗಿ ಕೂಡುವುದಿಲ್ಲ, ಅಕ್ಕಪಕ್ಕದಲ್ಲಿ ಸಂದು ಉಳಿಯುತ್ತದೆ, ಗಾಳಿ ಸೋರುತ್ತದೆ. ಗಟ್ಟಿಯಾಗಿ ಹಾಡಿದರೆ ಹೆಚ್ಚಿದ ಒತ್ತಡವೇ ಆ ಅಡ್ಡಿಯನ್ನು ಮೀರಿ ನಾದ ಎಬ್ಬಿಸುತ್ತದೆ; ಹಾಗಾಗಿ ಊತವಿರುವ ಗಾಯಕರು ಜೋರಾಗಿ ಹಾಡಿ, ‘ನನ್ನ ಧ್ವನಿ ಚೆನ್ನಾಗಿದೆ’ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ನಿಮ್ಮ ಧ್ವನಿ ದೊಡ್ಡದಾಗಿದೆ ಎಂಬ ಮಾತನ್ನು ನಾನು ತುಸು ಅನುಮಾನದಿಂದ ಓದಲು ಕಾರಣ ಇದೇ. ಮೂರು ವರ್ಷಗಳಲ್ಲಿ ಗಟ್ಟಿದನಿ ಬೆಳೆಯುವಾಗ ಮೆಲುದನಿಯೂ ಬೆಳೆದಿದ್ದರೆ ಅದು ಸಂತೋಷದ ಸಂಗತಿ. ಗಟ್ಟಿದನಿ ಬೆಳೆದು, ಮೊದಲು ಮೆಲ್ಲಗೆ ಬರುತ್ತಿದ್ದ ತಾರಸ್ಥಾಯಿಯ ಸ್ವರ ಈಗ ಜೋರು ಮಾಡದೆ ಬರುವುದಿಲ್ಲವೆಂದಾದರೆ, ಆ ಬೆಳವಣಿಗೆಗೆ ನೀವು ತೆರುತ್ತಿರುವ ಬೆಲೆ ದೊಡ್ಡದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೇಲಿನ ಸ್ವರಗಳನ್ನು ಮೆಲ್ಲಗೆ ಹಾಡುವುದನ್ನು ಎಂದೂ ಕಲಿಯದವರಿಗೆ ಆರೋಗ್ಯವಂತ ತಂತುಗಳಿದ್ದರೂ ಈ ಪರೀಕ್ಷೆ ಕಷ್ಟವಾಗಬಹುದು. ಬೇರೊಬ್ಬರ ಮಿತಿಯ ಜೊತೆ ನಿಮ್ಮ ಮಿತಿಯನ್ನು ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಹಾಡದೆ ವಿಶ್ರಾಂತಿ ಪಡೆದ ಎರಡು ಮೂರು ದಿನಗಳ ನಂತರ ನಿಮ್ಮ ಮೆಲುದನಿ ಯಾವ ಸ್ವರದವರೆಗೆ ಸಲೀಸಾಗಿ ಹೋಗುತ್ತದೆಂದು ಮೊದಲು ಗುರುತಿಸಿಕೊಳ್ಳಿ. ಅದು ನಿಮ್ಮ ಅಳತೆಗೋಲು. ಬಳಿಕ ಅಭ್ಯಾಸಕ್ಕೆ ಮುಂಚೆ, ಅಭ್ಯಾಸದ ನಂತರ, ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಅಭ್ಯಾಸದ ನಂತರ ಮಿತಿ ಒಂದೆರಡು ಅರ್ಧ ಸ್ವರ ಕೆಳಗಿಳಿದು ಕೆಲವು ಗಂಟೆಗಳಲ್ಲಿ ಮರಳಿದರೆ ಆತಂಕಪಡಬೇಕಾಗಿಲ್ಲ. ಮರುದಿನವೂ ಮರಳದಿದ್ದರೆ ಹಿಂದಿನ ದಿನದ ಹಾಡು ಅಳತೆ ಮೀರಿತ್ತು. ವಾರದಿಂದ ವಾರಕ್ಕೆ ಮಿತಿ ಇಳಿಯುತ್ತಲೇ ಹೋದರೆ ಹಾಡುವ ರೀತಿಯನ್ನೇ ಪ್ರಶ್ನಿಸಬೇಕು. ನೆಗಡಿ, ಕೆಮ್ಮು, ನಿದ್ದೆಗೇಡು ಇರುವ ದಿನದ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಈಗ ಆಯಾಸದ ಮಾತು. ನಿಮ್ಮ ಗುರುಗಳು ಹೇಳಿದ ಸಾಧನೆಯ ಆಯಾಸ ಎಂಬುದು ಇದೆ, ಆದರೆ ಅದು ಎಲ್ಲಿ ಕೂರುತ್ತದೆ ಎಂಬುದನ್ನು ನೋಡಬೇಕು. ಬೆಟ್ಟ ಹತ್ತಿದ ಮರುದಿನ ಮೀನಖಂಡ ನೋಯುವುದು ಬೇರೆ, ಕೀಲು ಊದಿಕೊಳ್ಳುವುದು ಬೇರೆ. ಪಕ್ಕೆಲುಬುಗಳ ನಡುವೆ, ಹೊಟ್ಟೆಯ ಬದಿಗಳಲ್ಲಿ, ಬೆನ್ನಿನ ಕೆಳಭಾಗದಲ್ಲಿ ದಣಿವು ಕಂಡರೆ ಉಸಿರನ್ನು ಹದವಾಗಿ ಬಿಡುವ ಕೆಲಸವನ್ನು ಅದಕ್ಕೆ ತಕ್ಕ ಸ್ನಾಯುಗಳು ಮಾಡಿವೆ ಎಂದರ್ಥ. ದವಡೆಯ ಕೆಳಗೆ, ನಾಲಿಗೆಯ ಬುಡದಲ್ಲಿ, ಧ್ವನಿಪೆಟ್ಟಿಗೆಯ ಅಕ್ಕಪಕ್ಕದಲ್ಲಿ ಬಿಗಿತ ಕಂಡರೆ, ಮಾಡಬೇಕಾಗಿರದ ಸ್ನಾಯುಗಳು ಆ ಕೆಲಸಕ್ಕೆ ಇಳಿದಿವೆ. ಇದು ತಿದ್ದಿಕೊಳ್ಳಬಹುದಾದ ದೋಷ, ಮತ್ತು ಬಹಳ ಸಾಮಾನ್ಯವಾದದ್ದು. ಮೂರನೆಯ ಬಗೆಯ ಆಯಾಸವೂ ಇದೆ, ಅದು ಮೈಯಲ್ಲಿ ತೋರದೆ ಧ್ವನಿಯಲ್ಲೇ ತೋರುತ್ತದೆ: ಮಾತು ಗೊಗ್ಗರಾಗುತ್ತದೆ, ಮಾತಿನ ಸ್ಥಾಯಿ ಎಂದಿಗಿಂತ ಕೆಳಗಿಳಿಯುತ್ತದೆ, ಮೇಲಿನ ಮೆಲುದನಿ ಕಾಣೆಯಾಗುತ್ತದೆ. ಇದು ಊತದ ಗುರುತು. ನೀವು ಬರೆದಿರುವುದರಲ್ಲಿ ಎರಡನೆಯದೂ ಇದೆ, ಆಗಾಗ ಮೂರನೆಯದೂ ಇಣುಕುತ್ತಿದೆ. ಆದ್ದರಿಂದ ನಿಮ್ಮ ಸ್ನೇಹಿತರ ಅನುಮಾನಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ.

ಆದರೂ ತೀರ್ಮಾನಕ್ಕೆ ಬರುವ ಮುನ್ನ ಬೆಳಗಿನ ಗೊಗ್ಗರು ದನಿಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕಾಗಿದೆ. ಎದ್ದ ಕೂಡಲೇ ಎಲ್ಲರ ಧ್ವನಿಯೂ ತುಸು ತಗ್ಗಿ ಒರಟಾಗಿರುತ್ತದೆ. ಸ್ವಲ್ಪ ಹೊತ್ತು ಓಡಾಡಿ ಮಾತಾಡಿದ ಮೇಲೆ ಸರಿಹೋಗುತ್ತದೆ. ನೀವು ಹೋಲಿಸಬೇಕಾದದ್ದು ಹಾಡಿದ ಮರುದಿನದ ಬೆಳಗನ್ನು ಹಾಡದ ದಿನದ ಮರುದಿನದ ಬೆಳಗಿನೊಂದಿಗೆ. ಎರಡೂ ಒಂದೇ ತೆರನಾಗಿದ್ದರೆ ಹಾಡುವ ರೀತಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ರಾತ್ರಿ ಹೊಟ್ಟೆಯ ಆಮ್ಲ ಗಂಟಲಿನವರೆಗೆ ಏರುವುದು, ಬಾಯಿ ತೆರೆದು ಮಲಗುವುದು, ಅಲರ್ಜಿ ಇಂಥವು ಕಾರಣವಾಗಿರಬಹುದು. ಹಾಡಿದ ಮರುದಿನ ಮಾತ್ರ ಗೊಗ್ಗರು ದನಿಯಿದ್ದು, ಅದು ಮಧ್ಯಾಹ್ನದವರೆಗೂ ಉಳಿದರೆ, ಕಾರಣ ಹಾಡಿನಲ್ಲೇ ಇದೆ: ರೀತಿಯಲ್ಲಿ, ಇಲ್ಲವೇ ಪ್ರಮಾಣದಲ್ಲಿ. ಈ ಎರಡನ್ನು ಬೇರ್ಪಡಿಸುವುದು ಸುಲಭ. ಒಂದು ಗಂಟೆಯ ಅಭ್ಯಾಸವನ್ನು ಇಪ್ಪತ್ತು ನಿಮಿಷಗಳ ಮೂರು ಭಾಗಗಳಾಗಿ, ನಡುವೆ ಒಳ್ಳೆಯ ಬಿಡುವು ಕೊಟ್ಟು ಮಾಡಿ. ಅಷ್ಟರಿಂದಲೇ ಬೆಳಗಿನ ದನಿ ತಿಳಿಯಾದರೆ ಪ್ರಮಾಣದ್ದೇ ಮುಖ್ಯ ತೊಂದರೆ. ಇಪ್ಪತ್ತು ನಿಮಿಷಗಳ ಹಾಡಿಗೂ ಬಿಗಿತ ಬರುತ್ತಿದ್ದರೆ ರೀತಿಯನ್ನು ತಿದ್ದಬೇಕು.

ಹಾಡುವ ರೀತಿಯನ್ನು ಬದಲಿಸಿಕೊಳ್ಳುತ್ತಿರುವ ಅವಧಿಯಲ್ಲಿ ಧ್ವನಿ ಮೊದಲಿಗಿಂತ ಕೆಟ್ಟಂತೆ ಕೇಳಿಸುವುದುಂಟು. ಎದೆಯ ದನಿಯಿಂದ (ಕೆಳಗಿನ ಸ್ವರಗಳ ತುಂಬು ದನಿ) ತಲೆಯ ದನಿಗೆ (ಮೇಲಿನ ಸ್ವರಗಳ ಹಗುರ ದನಿ) ದಾಟುವಲ್ಲಿ ಸ್ವರ ಒಡೆಯುತ್ತದೆ, ಶ್ರುತಿ ಅಲುಗಾಡುತ್ತದೆ, ಎಂದಿನ ಗಾತ್ರ ಇರುವುದಿಲ್ಲ. ಇದನ್ನು ಕಂಡು ಗಾಬರಿಯಾಗಿ ಹಳೆಯ ಅಭ್ಯಾಸಕ್ಕೆ ಓಡಿಹೋದವರು ಬಹಳ ಮಂದಿ. ಹೊಸ ಹೊಂದಾಣಿಕೆ ಕಲಿಯುವಾಗಿನ ತಡವರಿಕೆಗೆ ನಾನು ತಿಂಗಳುಗಟ್ಟಲೆ ರಿಯಾಯಿತಿ ಕೊಡುತ್ತೇನೆ. ಗೊಗ್ಗರು ದನಿಗೆ ಒಂದು ವಾರವೂ ಕೊಡುವುದಿಲ್ಲ. ಕಲಿಕೆಯ ಯಾವ ಹಂತಕ್ಕೂ ಗೊಗ್ಗರು ದನಿ ಅಗತ್ಯವಲ್ಲ. ‘ಗಂಟಲು ಒಮ್ಮೆ ಕಟ್ಟಿ ಬಿಟ್ಟರೆ ಗಟ್ಟಿಯಾಗುತ್ತದೆ’ ಎಂಬ ನಂಬಿಕೆ ಹಾಡುವವರ ನಡುವೆ ಇನ್ನೂ ಇದೆ. ದುಡಿಮೆಯಿಂದ ಸ್ನಾಯು ಬಲಿಯುತ್ತದೆ ನಿಜ, ಆದರೆ ಅದರ ಮೇಲಿನ ಮೃದು ಪದರ ಬಲಿಯುವುದೆಂದರೆ ಗಟ್ಟಿಗೊಂಡು ಅಲುಗದಂತಾಗುವುದು. ಅದು ಬಲವಲ್ಲ, ರೋಗ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಾಡುವ ರೀತಿ ಫಲ ಕೊಡುತ್ತಿದೆಯೇ ಎಂಬುದನ್ನು ನಾನು ಆಯ್ಕೆಗಳ ಲೆಕ್ಕದಲ್ಲಿ ನೋಡುತ್ತೇನೆ. ಒಂದೇ ಸ್ವರವನ್ನು ಗಟ್ಟಿಯಾಗಿಯೂ ಮೆಲ್ಲಗೂ, ನಾದದ ಬಣ್ಣ, ಅಂದರೆ ಅದರ ಗುಣ, ತೆರೆದಂತಿರುವಾಗಲೂ ಮುಚ್ಚಿದಂತಿರುವಾಗಲೂ, ಬೇರೆ ಬೇರೆ ಅಕ್ಷರಗಳ ಮೇಲೂ ಹಾಡಬಲ್ಲಿರಾ, ಅಥವಾ ಆ ಸ್ವರ ಒಂದೇ ಒಂದು ಬಗೆಯಲ್ಲಿ ಮಾತ್ರ ಬರುತ್ತದೆಯೇ? ಒಂದೇ ಬಗೆಯಲ್ಲಿ ಬರುವ ಸ್ವರ ಇನ್ನೂ ನಿಮ್ಮದಾಗಿಲ್ಲ. ಇದಕ್ಕೆ ಹಳೆಯ ಇಟಲಿಯ ಶಿಕ್ಷಕರು ಬಳಸುತ್ತಿದ್ದ ‘ಮೆಸ್ಸಾ ದಿ ವೋಚೆ’ ಎಂಬ ಅಭ್ಯಾಸಕ್ಕಿಂತ ಉತ್ತಮ ಪರೀಕ್ಷೆ ನನಗೆ ತಿಳಿದಿಲ್ಲ. ಒಂದು ಸ್ವರವನ್ನು ಅತಿ ಮೆಲ್ಲಗೆ ಆರಂಭಿಸಿ, ಒಂದೇ ಉಸಿರಿನಲ್ಲಿ ಹಂತಹಂತವಾಗಿ ತುಂಬಿಸಿ, ಹಾಗೆಯೇ ಮತ್ತೆ ಮೆಲ್ಲಗಾಗಿಸುತ್ತಾ ಮುಗಿಸಬೇಕು. ನಡುವೆ ಶ್ರುತಿ ಕದಲಬಾರದು, ಬಣ್ಣ ತಟ್ಟನೆ ಬದಲಾಗಬಾರದು. ತುಂಬಿಸುವುದು ಬಹುಪಾಲು ಜನರಿಗೆ ಬರುತ್ತದೆ. ಇಳಿಸುವ ಅರ್ಧದಲ್ಲಿ ದೋಷ ಬಯಲಾಗುತ್ತದೆ, ಏಕೆಂದರೆ ಗಾಳಿಯ ಒತ್ತಡ ಇಳಿಯುತ್ತಿರುವಾಗ ತಂತುಗಳ ಹಿಡಿತವನ್ನು ಅದಕ್ಕೆ ತಕ್ಕಂತೆ ಸಡಿಲಿಸದಿದ್ದರೆ ನಾದ ಕಿತ್ತುಹೋಗುತ್ತದೆ ಅಥವಾ ಒಮ್ಮೆಲೇ ಗಾಳಿದನಿಗೆ ಜಾರುತ್ತದೆ. ಮಧ್ಯಸ್ಥಾಯಿಯ ನಾಲ್ಕಾರು ಸ್ವರಗಳಲ್ಲಿ ಇದು ಸುಮಾರಾಗಿ ಬಂದರೂ ನಿಮ್ಮ ಅಡಿಪಾಯ ಸರಿಯಿದೆ.

ಧ್ವನಿಯ ಗಾತ್ರವನ್ನು ಕುರಿತು ಇನ್ನೊಂದು ಮಾತು. ದೂರಕ್ಕೆ ಕೇಳಿಸುವುದೆಲ್ಲ ಗಾಳಿಯ ಬಲದಿಂದ ಆಗುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಗಾಯಕರ ಧ್ವನಿಯಲ್ಲಿ 3000 ಹರ್ಟ್ಸ್ ಆಸುಪಾಸಿನಲ್ಲಿ ನಾದಶಕ್ತಿ ಒಟ್ಟುಗೂಡುವುದನ್ನು ಸ್ವೀಡನ್ನಿನ ಯೋಹಾನ್ ಸುಂಡ್‌ಬರಿ ವಿವರವಾಗಿ ಅಧ್ಯಯನ ಮಾಡಿ ತೋರಿಸಿದ್ದಾರೆ. ನಮ್ಮ ಕಿವಿಯೂ ಆ ಭಾಗದಲ್ಲಿ ಬಹಳ ಸೂಕ್ಷ್ಮವಾಗಿರುವುದರಿಂದ ಅಂಥ ಧ್ವನಿ ಮೈಕ್ ಇಲ್ಲದೆಯೇ ದೊಡ್ಡ ವಾದ್ಯವೃಂದವನ್ನು ದಾಟಿ ಕೇಳಿಸುತ್ತದೆ. ಅದಕ್ಕೆ ಕಾರಣ ತಂತುಗಳ ಮೇಲಿನ ಗಂಟಲ ಕೊಳವೆಯ ಆಕಾರ, ಕೆಳಗಿನಿಂದ ನೂಕುವ ಬಲವಲ್ಲ. ಎಲ್ಲ ಶೈಲಿಗಳಿಗೂ ಆ ಝೇಂಕಾರ ಬೇಕಾಗಿಲ್ಲ; ಮೈಕ್ ಮುಂದೆ ಆಪ್ತವಾಗಿ ಹಾಡುವವರಿಗೆ ಅದು ಅಡ್ಡಿಯೂ ಆದೀತು. ಆದರೆ ನಿಮ್ಮ ಧ್ವನಿ ದೊಡ್ಡದಾದದ್ದು ಎಲ್ಲಿಂದ ಎಂಬುದನ್ನು ನೀವು ತಿಳಿದುಕೊಳ್ಳಲೇಬೇಕು. ಅಷ್ಟೇ ಗಾತ್ರಕ್ಕೆ ಈಗ ಮೊದಲಿಗಿಂತ ಕಡಿಮೆ ಶ್ರಮ ಸಾಕಾಗುತ್ತಿದೆಯೆಂದರೆ ಹಾಡುವ ರೀತಿ ಫಲಿಸಿದೆ. ಹೆಚ್ಚು ಗಾತ್ರಕ್ಕೆ ಹೆಚ್ಚು ಶ್ರಮವೇ ಹೋಗುತ್ತಿದೆಯೆಂದರೆ ನೀವು ಪಡೆದದ್ದು ಬರಿಯ ಬಲ.

ಇದನ್ನೆಲ್ಲ ಹಾಡುತ್ತಲೇ ಅಳೆಯುವುದು ಸಾಧ್ಯವಿಲ್ಲ. ನಮ್ಮ ಧ್ವನಿ ನಮಗೆ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ, ಇತರರಿಗೆ ಕೇಳಿಸುವುದಕ್ಕಿಂತ ತುಂಬಿಕೊಂಡಂತೆ ಕೇಳಿಸುತ್ತದೆ. ತಿಂಗಳಿಗೊಮ್ಮೆ, ಅದೇ ಕೋಣೆಯಲ್ಲಿ, ಅದೇ ಫೋನನ್ನು ಅದೇ ದೂರದಲ್ಲಿಟ್ಟು, ಅದೇ ಎರಡು ಮೂರು ರಚನೆಗಳನ್ನು ಮುದ್ರಿಸಿಕೊಳ್ಳಿ. ಆ ದಿನವೇ ಕೇಳಬೇಡಿ. ಹಾಡಿದ ಶ್ರಮದ ನೆನಪು ಕಿವಿಯನ್ನು ಪ್ರಭಾವಿಸುತ್ತದೆ. ಮೂರು ತಿಂಗಳ ಅಂತರದ ಎರಡು ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿ, ಹಾಡಿನ ಕೊನೆಯ ಚರಣ ಮೊದಲ ಸಾಲಿನಷ್ಟೇ ಸ್ವಚ್ಛವಾಗಿದೆಯೇ, ಮೇಲೇರಿದಾಗ ಸಾಹಿತ್ಯದ ಅಕ್ಷರಗಳು ಸ್ಪಷ್ಟವಾಗಿ ಉಳಿದಿವೆಯೇ, ವೇಗದ ಸಂಚಾರಗಳಲ್ಲಿ ಪ್ರತಿ ಸ್ವರವೂ ಬಿಡಿಯಾಗಿ ಕೇಳುತ್ತದೆಯೇ ಎಂದು ನೋಡಿ. ಮನಸ್ಸು ಸರಿಯಿಲ್ಲದ ದಿನವೂ ಹಾಡು ಒಂದು ಮಟ್ಟಕ್ಕಿಂತ ಕೆಳಗಿಳಿಯದಿರುವುದು ಬಹಳ ಒಳ್ಳೆಯ ಲಕ್ಷಣ. ಅತ್ಯುತ್ತಮ ದಿನದ ಎತ್ತರಕ್ಕಿಂತ ಸಾಧಾರಣ ದಿನದ ಮಟ್ಟ ಹಾಡುವ ರೀತಿಯನ್ನು ಚೆನ್ನಾಗಿ ತಿಳಿಸುತ್ತದೆ.

ಮೈಯ ಲಕ್ಷಣಗಳನ್ನು ಕನ್ನಡಿಯಲ್ಲಿ ಅಥವಾ ವಿಡಿಯೊದಲ್ಲಿ ನೋಡಿಕೊಳ್ಳುವುದು ಉಪಯುಕ್ತ, ಆದರೆ ಅವಕ್ಕೆ ಅತಿಯಾದ ಬೆಲೆ ಕೊಡಬೇಡಿ. ಸ್ವರ ಏರಿದಂತೆ ಗದ್ದ ಮೇಲೇಳುವುದು, ಕುತ್ತಿಗೆಯ ನರಗಳು ಉಬ್ಬುವುದು, ಭುಜ ಏರುವುದು, ಉಸಿರೆಳೆಯುವಾಗ ಸದ್ದಾಗುವುದು ಇವು ಬಿಗಿತದ ಸೂಚನೆಗಳು. ಗದ್ದದ ಕೆಳಗಿನ ಮೆತ್ತನೆಯ ಭಾಗಕ್ಕೆ ಹೆಬ್ಬೆರಳನ್ನು ಹಗುರವಾಗಿ ಇಟ್ಟು ಹಾಡಿ. ಸ್ವರ ಏರಿದಂತೆ ಅದು ಗಟ್ಟಿಯಾಗಿ ಕೆಳಕ್ಕೆ ನೂಕಿದರೆ ನಾಲಿಗೆಯ ಬುಡ ಬಿಗಿಯುತ್ತಿದೆ. ಧ್ವನಿಪೆಟ್ಟಿಗೆ ಸ್ವಲ್ಪ ಮೇಲೆ ಕೆಳಗೆ ಆಡುವುದು ಸಹಜ. ಅದನ್ನು ಬಲವಂತವಾಗಿ ಒಂದೇ ಕಡೆ ಹಿಡಿಯುವುದೇ ಹೊಸ ಬಿಗಿತಕ್ಕೆ ಕಾರಣವಾಗುತ್ತದೆ. ಶೈಲಿಗಳನ್ನು ಕುರಿತು ಕೇಳಿಬರುವ ಆರೋಪಗಳನ್ನೂ ನಾನು ಒಪ್ಪುವುದಿಲ್ಲ. ತೆರೆದ ಕಂಠದ ಜಾನಪದ ಹಾಡು, ರಾಕ್ ಗಾಯನದ ಒರಟು ದನಿ, ವೇಗದ ಗಮಕಗಳು ಇವುಗಳಲ್ಲಿ ಯಾವುದೂ ಸ್ವತಃ ಹಾನಿಕರವಲ್ಲ. ಅವನ್ನು ದಶಕಗಳ ಕಾಲ ಹಾಡಿ ಕಂಠ ಉಳಿಸಿಕೊಂಡವರಿದ್ದಾರೆ, ಮೃದುವಾದ ಶೈಲಿಯಲ್ಲಿ ಹಾಡಿ ಕೆಡಿಸಿಕೊಂಡವರೂ ಇದ್ದಾರೆ.

ನಿಮ್ಮ ತೊಂದರೆ ತಂತುಗಳಲ್ಲಿದೆಯೋ ಅಥವಾ ಬಾಯಿ ಗಂಟಲುಗಳ ಹೊಂದಾಣಿಕೆಯಲ್ಲಿದೆಯೋ ಎಂಬ ಸುಳಿವು ಪಡೆಯಲು ಒಂದು ತೆಳು ಸ್ಟ್ರಾ ಸಾಕು. ತುಟಿಗಳಿಂದ ಅದನ್ನು ಬಿಗಿಯಾಗಿ ಹಿಡಿದು, ಮೂಗಿನಿಂದ ಗಾಳಿ ಹೋಗದಂತೆ ನೋಡಿಕೊಂಡು, ನಿಮ್ಮನ್ನು ದಣಿಸುವ ಹಾಡನ್ನು ಪೂರ್ತಿ ಅದರ ಮೂಲಕವೇ ಹಾಡಿ. ದಾರಿ ಕಿರಿದಾದಾಗ ಬಾಯಲ್ಲಿ ಹುಟ್ಟುವ ಹಿಮ್ಮುಖ ಒತ್ತಡ ತಂತುಗಳ ಸ್ಪರ್ಶವನ್ನು ಹಗುರಗೊಳಿಸುತ್ತದೆ. ಇಂಗೊ ಟಿಟ್ಸೆ ಎಂಬ ಧ್ವನಿವಿಜ್ಞಾನಿಯ ಕೆಲಸದಿಂದಾಗಿ ಈ ಅಭ್ಯಾಸ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಸ್ಟ್ರಾದಲ್ಲಿ ಕಷ್ಟದ ಜಾಗಗಳೂ ಸಲೀಸಾಗಿ ಹೋಗಿ, ಬಾಯಿ ತೆರೆದ ಕೂಡಲೇ ಮತ್ತೆ ಬಿಗಿದರೆ, ದೋಷ ಬಹುಮಟ್ಟಿಗೆ ಹಾಡುವ ರೂಢಿಯಲ್ಲಿದೆ. ಸ್ಟ್ರಾದಲ್ಲೂ ಅದೇ ಸ್ವರಗಳಲ್ಲಿ ನಾದ ಕಳಚಿಹೋದರೆ ತಂತುಗಳನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಹಾಡಿನ ಮೇಲೆ ಹೊರಿಸುವ ತಪ್ಪು ಎಷ್ಟೋ ಸಲ ಮಾತಿನದಾಗಿರುತ್ತದೆ. ದಿನಕ್ಕೆ ಒಂದು ಗಂಟೆ ಹಾಡುವವರು ಹಲವು ಗಂಟೆ ಮಾತಾಡುತ್ತಾರೆ. ಪಾಠ ಹೇಳುವವರು, ಫೋನಿನಲ್ಲಿ ಕೆಲಸ ಮಾಡುವವರು, ಚಿಕ್ಕ ಮಕ್ಕಳನ್ನು ಸಂಭಾಳಿಸುವವರು ಇನ್ನೂ ಹೆಚ್ಚು. ಗದ್ದಲದಲ್ಲಿ ನಮಗೆ ಅರಿವಿಲ್ಲದಂತೆಯೇ ದನಿ ಏರುತ್ತದೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ವಿವರಿಸಿದ್ದು 1911ರಲ್ಲಿ. ಜೋರಾದ ಪಕ್ಕವಾದ್ಯಗಳ ಜೊತೆ ಹಾಡುವಾಗಲೂ ನಡೆಯುವುದು ಇದೇ. ಅಂಥ ದಿನಗಳನ್ನು ನಿಮ್ಮ ಬರಹದಲ್ಲಿ ಬೇರೆಯಾಗಿ ಗುರುತಿಸಿ. ನೀರು ಕುಡಿಯಿರಿ, ಆದರೆ ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ನೇರವಾಗಿ ತೋಯಿಸುವುದಿಲ್ಲವೆಂಬುದು ನೆನಪಿರಲಿ. ನೋವು ನಿವಾರಕ ನುಂಗಿ ಹಾಡುವ ಅಭ್ಯಾಸವನ್ನು ಮಾತ್ರ ಖಂಡಿತವಾಗಿ ಬಿಡಬೇಕು. ಅದು ಎಚ್ಚರಿಕೆಯನ್ನು ಅಡಗಿಸುತ್ತದೆ. ಆಸ್ಪಿರಿನ್‌ನಂಥ ಗುಳಿಗೆಗಳು ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವುದರಿಂದ ತಂತುವಿನೊಳಗೆ ರಕ್ತಸ್ರಾವವಾಗುವ ಅಪಾಯವನ್ನೂ ಹೆಚ್ಚಿಸುತ್ತವೆ. ವೈದ್ಯರು ಬೇರೆ ಕಾಯಿಲೆಗೆಂದು ಬರೆದುಕೊಟ್ಟ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಗುರುಗಳ ಮಾತನ್ನು ಬದಿಗಿಡಿ ಎಂದು ನಾನು ಹೇಳುತ್ತಿಲ್ಲ. ವಾರಕ್ಕೊಮ್ಮೆಯೋ ಎರಡು ಬಾರಿಯೋ ನಿಮ್ಮ ಹಾಡನ್ನು ಕೇಳುವ ಅವರಿಗೆ ಮರುದಿನ ಬೆಳಗಿನ ನಿಮ್ಮ ಧ್ವನಿ ಕೇಳಿಸುವುದಿಲ್ಲ. ಅದನ್ನು ತಲುಪಿಸುವುದು ನಿಮ್ಮ ಕೆಲಸ. ‘ಗಂಟಲು ದಣಿಯುತ್ತದೆ’ ಎಂದು ಹೇಳಿದರೆ ಯಾರಾದರೂ ಸಾಧನೆಯ ಆಯಾಸವೆಂದೇ ಅಂದುಕೊಳ್ಳುತ್ತಾರೆ. ‘ಅಭ್ಯಾಸದ ನಂತರ ನನ್ನ ಮೆಲುದನಿ ಇಂಥ ಸ್ವರದಿಂದ ಇಂಥ ಸ್ವರಕ್ಕೆ ಇಳಿಯಿತು, ಮರುದಿನ ಸಂಜೆಯವರೆಗೂ ಮರಳಲಿಲ್ಲ’ ಎಂದು ಬರೆದು ತೋರಿಸಿದರೆ ಅವರೂ ಬೇರೆ ರೀತಿಯಲ್ಲಿ ಯೋಚಿಸುತ್ತಾರೆ: ಶ್ರುತಿಯನ್ನು ಅರ್ಧ ಅಥವಾ ಒಂದು ಸ್ವರ ಇಳಿಸಬಹುದು, ಪಾಠದ ಕ್ರಮ ಬದಲಿಸಬಹುದು, ಮೆಲ್ಲಗೆ ಹಾಡುವ ಅಭ್ಯಾಸ ಸೇರಿಸಬಹುದು. ‘ಹೊಟ್ಟೆಯಿಂದ ಹಾಡು’, ‘ಹಣೆಯಲ್ಲಿ ನಾದ ಇರಿಸು’ ಎಂಬಂಥ ಸೂಚನೆಗಳು ಶರೀರಶಾಸ್ತ್ರದ ಪ್ರಕಾರ ಅಕ್ಷರಶಃ ನಿಜವಲ್ಲದಿದ್ದರೂ ಚಿಂತೆಯಿಲ್ಲ. ಆ ಸೂಚನೆಯನ್ನು ಅನುಸರಿಸಿದಾಗ ನಿಮ್ಮ ಅಳತೆಗಳು ಉತ್ತಮಗೊಂಡವೇ ಎಂಬುದಷ್ಟೇ ಮುಖ್ಯ. ಗೊಗ್ಗರು ದನಿಯ ಮೇಲೆಯೇ ಹಾಡಿ ದಾಟಿಸು ಎಂದು ಪದೇ ಪದೇ ಒತ್ತಾಯಿಸುವ ಶಿಕ್ಷಕರು ಸಿಕ್ಕಿದರೆ, ಅವರ ವಿದ್ವತ್ತು ಎಷ್ಟೇ ದೊಡ್ಡದಿರಲಿ, ನಿಮ್ಮ ಕಂಠವನ್ನು ಅವರ ಕೈಗೆ ಒಪ್ಪಿಸಬಾರದು.

ಮನೆಯ ಅಳತೆಗಳಿಗೆ ಒಂದು ಮಿತಿಯಿದೆ. ಹಾಡುತ್ತಿರುವಾಗ ಧ್ವನಿ ತಟ್ಟನೆ ಹೋದರೆ ಅದನ್ನು ರಕ್ತಸ್ರಾವವೆಂದೇ ಶಂಕಿಸಿ, ಪಿಸುಮಾತನ್ನೂ ಆಡದೆ, ಆ ದಿನವೇ ಅಥವಾ ಮರುದಿನ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಉಸಿರಾಟಕ್ಕೆ ತೊಂದರೆ, ನುಂಗುವಾಗ ನೋವು, ಕೆಮ್ಮಿನಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ ಕಂಡರೂ ಕಾಯಬಾರದು. ಗೊಗ್ಗರು ದನಿ ನಾಲ್ಕು ವಾರಗಳಲ್ಲಿ ಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ನೋಡಲೇಬೇಕು ಎಂದು ಅಮೆರಿಕದ ಗಂಟಲು ತಜ್ಞರ ಸಂಘದ 2018ರ ಮಾರ್ಗಸೂಚಿ ಹೇಳುತ್ತದೆ. ಧ್ವನಿಯನ್ನೇ ನೆಚ್ಚಿದ ವೃತ್ತಿಯವರು ಅಷ್ಟು ದಿನವೂ ಕಾಯುವ ಅಗತ್ಯವಿಲ್ಲ. ಹೋದಾಗ ನೀವು ಹಾಡುವವರೆಂದು ತಿಳಿಸಿ, ಸ್ಟ್ರೋಬೋಸ್ಕೋಪಿ ಸಾಧ್ಯವೇ ಎಂದು ಕೇಳಿ. ಮಿನುಗುವ ಬೆಳಕಿನಿಂದಾಗಿ ಅದರಲ್ಲಿ ತಂತುಗಳ ವೇಗದ ಕಂಪನ ನಿಧಾನವಾಗಿ ನಡೆದಂತೆ ಕಾಣುತ್ತದೆ, ಸಾಮಾನ್ಯ ಬೆಳಕಿನಲ್ಲಿ ಮರೆಯಾಗುವ ಸಣ್ಣ ಊತವೂ ಗಡಸುತನವೂ ಗೊತ್ತಾಗುತ್ತವೆ. 2007ರಲ್ಲಿ ಗಾಯಕರಿಗಾಗಿಯೇ ರೂಪಿಸಿದ, 36 ಹೇಳಿಕೆಗಳಿರುವ ಸಿಂಗಿಂಗ್ ವಾಯ್ಸ್ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎಂಬ ಪ್ರಶ್ನಾವಳಿಯನ್ನು ಧ್ವನಿ ಚಿಕಿತ್ಸಕರು ನಿಮಗೆ ಕೊಡಬಹುದು. ಕೆಲವು ತಿಂಗಳ ನಂತರ ಅದನ್ನೇ ಮತ್ತೆ ತುಂಬಿದರೆ ಬದಲಾವಣೆ ತಿಳಿಯುತ್ತದೆ. ಗಂಟುಗಳು ಕಂಡುಬಂದರೂ ಧೈರ್ಯಗೆಡಬೇಡಿ. ಅವಕ್ಕೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಧ್ವನಿ ಬಳಸುವ ರೀತಿಯನ್ನು ತಿದ್ದುವ ಅಭ್ಯಾಸವೇ, ಶಸ್ತ್ರಚಿಕಿತ್ಸೆಯಲ್ಲ.

ನಿಮ್ಮ ಮಟ್ಟಿಗೆ ನಾನು ಸೂಚಿಸುವುದು ಇಷ್ಟು. ಮುಂದಿನ ಮೂರು ದಿನ ಹಾಡಬೇಡಿ, ನಾಲ್ಕನೆಯ ದಿನ ಮೆಲುದನಿಯ ಮಿತಿ ಗುರುತಿಸಿಕೊಳ್ಳಿ. ಆ ಬಳಿಕ ಎರಡು ವಾರ, ಇಪ್ಪತ್ತು ನಿಮಿಷಗಳ ಭಾಗಗಳಲ್ಲಿ, ಈಗಿನದಕ್ಕಿಂತ ಅರ್ಧ ಸ್ವರ ಕೆಳಗಿನ ಶ್ರುತಿಯಲ್ಲಿ, ಪ್ರತಿ ಭಾಗದ ಮೊದಲು ಮತ್ತು ಕೊನೆಗೆ ಕೆಲವು ನಿಮಿಷ ಸ್ಟ್ರಾ ಹಿಡಿದು ಅಭ್ಯಾಸ ಮಾಡಿ, ಬೆಳಗಿನ ದನಿಯನ್ನೂ ಮಿತಿಯನ್ನೂ ದಿನವೂ ಬರೆದಿಡಿ. ಗೊಗ್ಗರು ದನಿ ಮಾಯವಾಗಿ ಮಿತಿ ಕದಲದೆ ನಿಂತರೆ ಆ ಬರಹವನ್ನು ಗುರುಗಳಿಗೆ ತೋರಿಸಿ, ಅಭ್ಯಾಸದ ಅವಧಿಯನ್ನು ಅವರ ಜೊತೆ ಕುಳಿತು ಮೆಲ್ಲನೆ ಹೆಚ್ಚಿಸಿ. ಇಷ್ಟು ಮಾಡಿಯೂ ಒಂದೆರಡು ಬೆಳಗುಗಳಲ್ಲಿ ಗೊಗ್ಗರು ದನಿ ಮರುಕಳಿಸಿದರೆ ಪರೀಕ್ಷೆಗೆ ಸಮಯ ಗೊತ್ತುಮಾಡಿಕೊಳ್ಳಿ, ಹೋಗುವಾಗ ಆ ಬರಹವನ್ನು ಜೊತೆಗೆ ಒಯ್ಯಿರಿ.